ಪಾಲಿನ ಲೆಕ್ಕ ಬಿಡಿ, ನಂಟರನ್ನು ನೋಡಿ

ಪತ್ರ: ಪರ್ತ್‌ನಲ್ಲಿ ನಮ್ಮ ನೆರೆಮನೆಯ ಬಿಳಿಯ ಅಜ್ಜಿಗೆ ಡಿಎನ್‌ಎ ಪರೀಕ್ಷೆಯಿಂದ ಅಬೊರಿಜಿನಲ್ (ಆಸ್ಟ್ರೇಲಿಯಾದ ಮೂಲನಿವಾಸಿ) ಬಂಧುಗಳು ಸಿಕ್ಕಿದ್ದಾರೆ. ಉತ್ತರದ ಕಡೆ ದನಗಳ ಸ್ಟೇಷನ್ (ದನ ಸಾಕುವ ದೊಡ್ಡ ಜಮೀನು) ನಡೆಸುತ್ತಿದ್ದ ಆಕೆಯ ತಂದೆಯ ಇನ್ನೊಂದು ಸಂತತಿಯಂತೆ. ಅಜ್ಜಿ ಅವರನ್ನು ಚಹಾಕ್ಕೆ ಕರೆದರು. ಆಕೆಯ ತಮ್ಮ ಬರಲಿಲ್ಲ. ಬಂದವರಲ್ಲಿ ಒಬ್ಬನಿಗೆ ಎಂಟನೇ ಒಂದು ಪಾಲಷ್ಟೇ ಆ ರಕ್ತ, ನೋಡಿದರೆ ಗೊತ್ತೂ ಆಗುವುದಿಲ್ಲ. ಇಷ್ಟು ವರ್ಷಗಳ ಮೇಲೆ ಕೆದಕಿ ಯಾರಿಗೆ ಲಾಭ?

ಉತ್ತರ: ನೆರೆಮನೆಯ ಗುಟ್ಟನ್ನು ಇಷ್ಟು ಮರ್ಯಾದೆಯಿಂದ ಬರೆದವರು ಆ ‘ಎಂಟನೇ ಒಂದು ಪಾಲ’ನ್ನು ಯಾಕೆ ಸೇರಿಸಿದಿರಿ ಸ್ವಾಮಿ? ಅದು ಎ.ಓ. ನೆವಿಲ್ ಎಂಬ ಅಧಿಕಾರಿಯ ಲೆಕ್ಕ. 1915ರಿಂದ 1940ರವರೆಗೆ ಪಶ್ಚಿಮ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬದುಕು ಈತನ ಕೈಯಲ್ಲಿತ್ತು. ಬೆರಕೆ ಸಂತಾನವನ್ನು ಬಿಳಿಯರಲ್ಲಿ ಕರಗಿಸಿದರೆ ಇಲ್ಲಿ ಮೂಲನಿವಾಸಿಗಳಿದ್ದರೆಂಬುದನ್ನೇ ಮುಂದೆ ಮರೆಯಬಹುದೆಂದು 1937ರ ಕ್ಯಾನ್‌ಬೆರಾ ಸಮ್ಮೇಳನದಲ್ಲಿ ವಾದಿಸಿದ ಮಹಾಶಯ. 1947ರಲ್ಲಿ ಆತ ಪ್ರಕಟಿಸಿದ ಪುಸ್ತಕದಲ್ಲಿ ಮೂರು ತಲೆಮಾರಿನ ಒಂದು ಚಿತ್ರವಿದೆ: ತಾಯಿ, ಮಗಳು, ಮೊಮ್ಮಗ, ಒಬ್ಬರಿಗಿಂತ ಒಬ್ಬರು ಬೆಳ್ಳಗೆ. ಕೆಳಗಿನ ಬರಹದಲ್ಲಿ ಅರ್ಧ, ಕಾಲು, ಅರೆಕಾಲು ಎಂದು ಪಾಲು ಹಾಕಿದ್ದಾರೆ. ಪ್ರತಿಯೊಬ್ಬರ ಅಪ್ಪನ ಮೂಲ ಐರಿಷ್, ಸ್ಕಾಟಿಷ್ ಎಂದೂ ನಮೂದಿಸಿದ್ದಾರೆ. ಆ ಅಪ್ಪಂದಿರ ಹೆಸರು ಮಾತ್ರ ಇಲ್ಲ.

ಹೆಸರು ಬರೆಯುವಂತೆಯೂ ಇರಲಿಲ್ಲ ಅನ್ನಿ. 1905ರ ಕಾಯ್ದೆಯ ಪ್ರಕಾರ ಮೂಲನಿವಾಸಿ ಹೆಣ್ಣಿನೊಂದಿಗೆ ಬಿಳಿಯ ಗಂಡಸಿನ ಸಹವಾಸ ಅಪರಾಧ. ಮದುವೆಯಾಗಬೇಕಿದ್ದರೆ ಮುಖ್ಯ ಸಂರಕ್ಷಕನ (ನೆವಿಲ್ ಕೂತಿದ್ದ ಕುರ್ಚಿ ಇದೇ) ಲಿಖಿತ ಅನುಮತಿ ಬೇಕು. ಹುಟ್ಟಿದ ಮಗುವಿಗೆ ಹದಿನಾರು ತುಂಬುವವರೆಗೆ ಕಾನೂನಿನ ಪೋಷಕನೂ ಅವನೇ, ಹೆತ್ತ ತಾಯಿಯಲ್ಲ. ನಾನೇ ತಂದೆ ಎಂದು ಒಪ್ಪಿಕೊಂಡವನು ಅಪರಾಧವನ್ನೇ ಒಪ್ಪಿಕೊಂಡಂತಾಗುತ್ತಿತ್ತು. ಹಾಗಾಗಿ ದೊಡ್ಡ ಮನೆಗಳು ಬಾಯಿ ಮುಚ್ಚಿಕೊಂಡವು, ಮಕ್ಕಳು ಅನಾಥಾಲಯ ಸೇರಿದವು. ಅಜ್ಜಿಯ ತಮ್ಮನದೂ ಒಂದು ಮಾತಿದೆ, ನಿಜ: ಅಪ್ಪ ಮಾಡಿದ್ದಕ್ಕೆ ಮಗ ಹೊಣೆಯಲ್ಲ, ಸತ್ತವರು ಎದ್ದು ಬಂದು ಉತ್ತರ ಕೊಡಲಾರರು. ಒಪ್ಪಿದೆ. ಆದರೆ ಅಪ್ಪನ ಜಮೀನು ಪಾಲಿಗೆ ಬಂದಾಗ ಅವರು ಹೀಗೆ ವೈರಾಗ್ಯದ ಮಾತಾಡಿದ್ದರೇ?

‘ಇಷ್ಟು ವರ್ಷಗಳ ಮೇಲೆ’ ಎನ್ನುತ್ತೀರಿ. 1910ರಿಂದ 1970ರ ನಡುವೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು ಹೋಗಲಾಯಿತೆಂದು 1997ರ ಸರ್ಕಾರಿ ವಿಚಾರಣೆಯ ವರದಿ ಹೇಳಿತು. ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದ್ದು 2008ರಲ್ಲಿ. ಹಾಗೆ ಹೋದವರಲ್ಲಿ ಎಷ್ಟೋ ಜನ ಇನ್ನೂ ಬದುಕಿದ್ದಾರೆ, ತಮ್ಮವರನ್ನು ಹುಡುಕುತ್ತಿದ್ದಾರೆ.

ನಿಮ್ಮ ಊರಿನವರೇ ಆದ ಸ್ಯಾಲಿ ಮಾರ್ಗನ್ 1987ರಲ್ಲಿ ಪ್ರಕಟಿಸಿದ ಆತ್ಮಕಥನವನ್ನು ನೀವು ಓದಿರಲಾರಿರಿ. ಓದಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ಶಾಲೆಯಲ್ಲಿ ಯಾವ ದೇಶದವರೆಂದು ಕೇಳಿದರೆ ಭಾರತೀಯರೆಂದು ಹೇಳಿ ಎಂದು ತಾಯಿ ಗ್ಲಾಡಿಸ್ ಮಕ್ಕಳಿಗೆ ಕಲಿಸಿದ್ದರು. ನಮ್ಮ ಹೆಸರಿನ ಮರೆಯಲ್ಲಿ ಒಂದು ಮೂಲನಿವಾಸಿ ಕುಟುಂಬ ಅಡಗಿಕೊಂಡಿತ್ತು! ಸ್ಯಾಲಿಯ ಅಜ್ಜಿ ಡೇಸಿಯನ್ನು ಮಾರ್ಬಲ್ ಬಾರ್ ಬಳಿಯ ಕೊರುನಾ ಡೌನ್ಸ್ ಸ್ಟೇಷನ್ನಿನಿಂದ ಪರ್ತ್‌ಗೆ ಕರೆತಂದು ಒಡೆಯರ ಮನೆಗೆಲಸಕ್ಕೆ ಇಟ್ಟರು; ಆಕೆಯ ಮಗಳು ಗ್ಲಾಡಿಸ್ ಬೆಳೆದದ್ದು ಪಾರ್ಕರ್‌ವಿಲ್‌ನ ಮಕ್ಕಳ ಆಶ್ರಮದಲ್ಲಿ. ಒಡೆಯರ ಮನೆಯ ಹುಡುಗಿಗೆ ರಾಜಕುಮಾರಿಯಂಥ ಬೊಂಬೆ ಸಿಕ್ಕಾಗ ತನಗೆ ಸಿಕ್ಕಿದ್ದು ಏಪ್ರನ್ ತೊಟ್ಟ ಕರಿಯ ಆಳಿನ ಬೊಂಬೆ ಎಂದು ಗ್ಲಾಡಿಸ್ ನೆನೆಯುತ್ತಾರೆ. ಡೇಸಿಯ ಬಿಳಿಯ ತಂದೆಯ ವಿಷಯ ಪುಸ್ತಕದಲ್ಲಿ ಬಂದಾಗ ಒಡೆಯರ ಮನೆಯ ಕಡೆಯವರು ಅಲ್ಲಗಳೆದರು. ಇರಲಿ, ಆ ಬೊಂಬೆಗೆ ಡಿಎನ್‌ಎ ಪರೀಕ್ಷೆ ಬೇಕಿಲ್ಲ.

ಇನ್ನೊಂದು ಸಂಗತಿ. ಮಾರ್ಬಲ್ ಬಾರ್ ಇರುವ ಅದೇ ಪಿಲ್ಬರಾ ಸೀಮೆಯ ಕರಾವಳಿಯ ಕರಿಯೆರಾ ಜನರ ನಂಟಿನ ವ್ಯವಸ್ಥೆಯನ್ನು ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1913ರಲ್ಲಿ ವಿವರಿಸಿದರು. ಸೋದರಮಾವನ ಮಗಳು ಹೆಂಡತಿಯಾಗಬಲ್ಲಳು, ಚಿಕ್ಕಮ್ಮನ ಮಗಳು ತಂಗಿ. ದಕ್ಷಿಣ ಭಾರತದ ಮನೆಗಳಿಗೆ ಬೇರೆ ಪಾಠ ಬೇಕೇ? ಆ ಜನರಲ್ಲಿ ಪ್ರತಿಯೊಬ್ಬರೂ ನಾಲ್ಕು ಪಂಗಡಗಳಲ್ಲಿ ಒಂದಕ್ಕೆ ಸೇರುತ್ತಾರೆ. ಹೊಸಬ ಬಂದರೂ ಅವನನ್ನು ಯಾವುದಾದರೊಂದು ಪಂಗಡಕ್ಕೆ ಸೇರಿಸಿ ಅಣ್ಣನೋ ಅಳಿಯನೋ ಆಗಿಸಿಕೊಳ್ಳುವುದು ಆಸ್ಟ್ರೇಲಿಯಾದ ಎಷ್ಟೋ ಮೂಲನಿವಾಸಿಗಳ ರೂಢಿ. ಆ ಕಡೆ ಎಲ್ಲರಿಗೂ ಮಣೆ ಇತ್ತು. ಈ ಕಡೆ ಇದ್ದದ್ದು ಅಡುಗೆಮನೆಯ ಬಾಗಿಲು. ಚಹಾಕ್ಕೆ ಕರೆದ ಅಜ್ಜಿ ಉಪಕಾರ ಮಾಡಿದರೆಂದು ತಿಳಿಯಬೇಡಿ. ಬಂದವರೇ ದೊಡ್ಡ ಮನಸ್ಸು ಮಾಡಿದ್ದಾರೆ.

ನಾವೇನು ಕಡಿಮೆಯೇ? ನಮ್ಮ ಕಚೇರಿಗೆ ವಿಮರ್ಶೆಗೆಂದು ವಂಶವೃಕ್ಷದ ಪುಸ್ತಕಗಳು ಬರುತ್ತಲೇ ಇರುತ್ತವೆ. ಏಳು ತಲೆಮಾರು, ಆರ್ಟ್ ಪೇಪರ್, ಮಠಾಧೀಶರ ಮುನ್ನುಡಿ. ಒಳಗೆ ನೋಡಿದರೆ ಗಂಡಸರೇ ಗಂಡಸರಿಗೆ ಹುಟ್ಟಿದ್ದಾರೆ! ಮೂರು ತಲೆಮಾರಿನ ಮಕ್ಕಳನ್ನು ಎತ್ತಿ ಆಡಿಸಿದ ಕೆಲಸದವಳು ಗುಂಪು ಚಿತ್ರದ ಅಂಚಿನಲ್ಲಿರುತ್ತಾಳೆ, ಕೆಳಗಿನ ಹೆಸರುಗಳ ಸಾಲಿನಲ್ಲಿ ಇರುವುದಿಲ್ಲ. ‘ಮನೆಯವಳ ಹಾಗೇ ಇದ್ದಳು’ ಎಂದು ಬಾಯಿತುಂಬ ಹೇಳುವವರನ್ನು ಆಕೆಯ ಹೆಸರು ಕೇಳಿ ನೋಡಿ. ಅಂಥ ಪುಸ್ತಕಗಳಿಗೆ ನಾವು ವಿಮರ್ಶೆ ಬರೆಯುವುದಿಲ್ಲ. ಕಳುಹಿಸುವವರು ವಾಪಸಿನ ಅಂಚೆವೆಚ್ಚವನ್ನೂ ಲಕೋಟೆಯಲ್ಲಿಟ್ಟು ಕಳುಹಿಸಲಿ.

— ಸಂ.