ನೆರಳು ಯಾರಿಗೆ, ನೀರು ಎಲ್ಲಿಗೆ? ಭೂದೃಶ್ಯ ವಾಸ್ತುಶಿಲ್ಪದ ಬಗ್ಗೆ ಓದುಗರ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಈ ಭಾಗದಲ್ಲಿ ಕೆಲಸ ಮಾಡುತ್ತಿರುವ ಭೂದೃಶ್ಯ ವಾಸ್ತುಶಿಲ್ಪಿಯೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಂದು ಎಕರೆ ಖಾಲಿ ಜಾಗವಿದ್ದು, ಅಲ್ಲಿ ಉದ್ಯಾನ ಮಾಡಬೇಕೆಂದು ನಿವಾಸಿಗಳು ತೀರ್ಮಾನಿಸಿದ್ದೇವೆ. ಗಿಡ ನೆಡಲು ಮಾಲಿ ಇದ್ದಾರೆ, ಗೋಡೆ ಕಟ್ಟಿಸಲು ಎಂಜಿನಿಯರ್ ಇದ್ದಾರೆ. ಭೂದೃಶ್ಯ ವಾಸ್ತುಶಿಲ್ಪಿ ಎಂಬ ಮೂರನೆಯವರು ಏಕೆ ಬೇಕು?
— ಬಳ್ಳಾರಿಯ ಓದುಗರು

ಉತ್ತರ: ಮಾಲಿಯೂ ಬೇಕು, ಎಂಜಿನಿಯರೂ ಬೇಕು. ಆದರೆ ಅವರಿಬ್ಬರೂ ಕೆಲಸಕ್ಕೆ ಇಳಿಯುವ ಮೊದಲು ಆ ನೆಲ ಯಾವ ದಿಕ್ಕಿಗೆ ಇಳಿಜಾರಾಗಿದೆ, ಸುತ್ತಲಿನ ಬೀದಿಗಳ ಮಳೆನೀರು ಅಲ್ಲಿಗೆ ಬಂದು ಸೇರುತ್ತದೆಯೋ ಅಥವಾ ಅಲ್ಲಿಂದ ಮುಂದೆ ಹರಿಯುತ್ತದೆಯೋ, ಮಣ್ಣು ಎರೆಯೋ ಮಸಾರಿಯೋ, ಈಗ ಆ ಜಾಗವನ್ನು ಯಾರು ಯಾವ ಹೊತ್ತಿನಲ್ಲಿ ಬಳಸುತ್ತಿದ್ದಾರೆ ಎಂಬುದನ್ನೆಲ್ಲ ಒಟ್ಟಿಗೆ ನೋಡಿ, ಯಾವುದು ಎಲ್ಲಿರಬೇಕೆಂದು ಹೇಳುವವರು ಒಬ್ಬರಿರಬೇಕು. ಭೂದೃಶ್ಯ ವಾಸ್ತುಶಿಲ್ಪಿಯ ಕೆಲಸ ಅದು. ಹೂವಿನ ಪಾತಿಯ ವಿಚಾರ ಬರುವುದು ಕೊನೆಗೆ.

ನೀವು 'ಖಾಲಿ ಜಾಗ' ಎಂದು ಬರೆದಿದ್ದೀರಿ. ಆ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಇಂಥ ಜಾಗಗಳಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ಯಾರದೋ ಆಡು ಕಟ್ಟಿರುತ್ತದೆ, ಹೆಂಗಸರು ಸಂಡಿಗೆ, ಮೆಣಸಿನಕಾಯಿ ಒಣಗಿಸುತ್ತಿರುತ್ತಾರೆ. ಬೇಲಿ ಹಾಕಿ ಬೀಗ ಜಡಿದ ದಿನ ಇವರೆಲ್ಲ ಎಲ್ಲಿಗೆ ಹೋಗಬೇಕೆಂಬುದನ್ನು ನಕ್ಷೆ ಬರೆಯುವ ಮೊದಲೇ ಯೋಚಿಸಬೇಕಾಗುತ್ತದೆ.

ನೀರಿನ ವಿಷಯದಲ್ಲಿ ನಾನೇ ಎಡವಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಈ ಭಾಗದ ಪಟ್ಟಣವೊಂದರಲ್ಲಿ ಮಕ್ಕಳ ಆಟದ ಬಯಲಿಗೆ ವಿನ್ಯಾಸ ಮಾಡುವಾಗ ಏಪ್ರಿಲ್‌ನ ಬಿಸಿಲಿನಲ್ಲಿ ಅಳತೆ ತೆಗೆದು, ಮೂಲೆಯಲ್ಲಿದ್ದ ಒಣ ತಗ್ಗಿಗೆ ಮಣ್ಣು ತುಂಬಿಸಿ ಸಮ ಮಾಡಿಸಿದೆ. ನಮ್ಮಲ್ಲಿ ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರಿನಲ್ಲಿ. ಅದುವರೆಗೆ ಆ ತಗ್ಗಿನಲ್ಲಿ ನಿಂತು ಇಂಗುತ್ತಿದ್ದ ನೀರು ಆ ವರ್ಷ ಹಿಂದಿನ ಓಣಿಯ ಮನೆಗಳಿಗೆ ನುಗ್ಗಿತು. ತಗ್ಗು ಅಲ್ಲಿ ಏಕಿದೆಯೆಂದು ಆ ಓಣಿಯವರಿಗೆಲ್ಲ ಗೊತ್ತಿತ್ತು, ನಾನು ಕೇಳಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಅದರ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 80,000 ಲೀಟರ್ ನೀರಾಗುತ್ತದೆ. ಜಾಗದ ಅತಿ ತಗ್ಗಿನ ಭಾಗವನ್ನು ತುಂಬಿಸದೆ ಇನ್ನೊಂದಿಷ್ಟು ಆಳ ಮಾಡಿ, ಸುತ್ತ ಹೊಂಗೆ ನೆಟ್ಟು, ಮಳೆ ಬಂದಾಗ ಇಂಗುಗುಂಡಿಯಾಗಿಯೂ ಉಳಿದ ದಿನಗಳಲ್ಲಿ ಆಟದ ಬಯಲಾಗಿಯೂ ಬಳಕೆಯಾಗುವಂತೆ ಮಾಡಬಹುದು. ಅಮೆರಿಕದ ಬಾಸ್ಟನ್ ನಗರದಲ್ಲಿ 1880ರ ದಶಕದಲ್ಲಿ ಭೂದೃಶ್ಯ ವಾಸ್ತುಶಿಲ್ಪಿ ಫ್ರೆಡೆರಿಕ್ ಲಾ ಓಲ್ಮ್‌ಸ್ಟೆಡ್ ರೂಪಿಸಿದ 'ಫೆನ್ಸ್' ಎಂಬ ಜಾಗ ನೋಡುವವರಿಗೆ ಉದ್ಯಾನವಾಗಿ ಕಂಡರೂ, ಅದರ ಮೊದಲ ಉದ್ದೇಶ ನೆರೆಯ ನೀರಿಗೆ ನಿಲ್ಲಲು ಜಾಗ ಕೊಡುವುದು ಮತ್ತು ಕೊಳಚೆಯ ತೊಂದರೆ ನೀಗುವುದಾಗಿತ್ತು.

ಹುಲ್ಲುಹಾಸನ್ನು ಮಾತ್ರ ದಯವಿಟ್ಟು ಮಾಡಿಸಬೇಡಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಂತೆ ನೀರುಣಿಸಿದರೂ ಒಂದು ಎಕರೆ ಹುಲ್ಲು ದಿನಕ್ಕೆ 20,000 ಲೀಟರ್ ಕುಡಿಯುತ್ತದೆ. ತಲೆಗೆ 135 ಲೀಟರಿನ ಲೆಕ್ಕದಲ್ಲಿ ಅದು ಸುಮಾರು 150 ಜನರ ದಿನಬಳಕೆಯ ನೀರು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಈ ಖರ್ಚನ್ನು ಸಮರ್ಥಿಸುವುದು ಕಷ್ಟ.

ಪ್ರಶ್ನೆ: ನಮ್ಮೂರ ಕೆರೆಯ ಹೂಳೆತ್ತಿ, ಸುತ್ತಲೂ ಎತ್ತರಿಸಿದ ನಡಿಗೆ ಪಥ, ಕಬ್ಬಿಣದ ಬೇಲಿ, ಬಣ್ಣದ ದೀಪಗಳನ್ನು ಹಾಕಲಾಗಿದೆ. ಎರಡು ಮಳೆಗಾಲ ಕಳೆದರೂ ಕೆರೆ ಅರ್ಧವೂ ತುಂಬಿಲ್ಲ. ದನಕರುಗಳಿಗೆ ನೀರು ಕುಡಿಸಲು ದಾರಿಯಿಲ್ಲವೆಂದು ಊರವರು ಎರಡು ಕಡೆ ಬೇಲಿ ಕಿತ್ತಿದ್ದಾರೆ. ತಪ್ಪಾಗಿರುವುದು ಎಲ್ಲಿ?
— ಕೊಪ್ಪಳ ಜಿಲ್ಲೆಯ ಓದುಗರು

ಉತ್ತರ: 'ಸುತ್ತಲೂ ಎತ್ತರಿಸಿದ' ಎಂಬ ನಿಮ್ಮ ಮಾತಿನಲ್ಲೇ ಉತ್ತರದ ಬಹುಪಾಲು ಇದೆ. ನಮ್ಮ ಹಿರಿಯರು ಕಟ್ಟಿದ ಕೆರೆಗೆ ಏರಿ ಇರುವುದು ತಗ್ಗಿನ ದಿಕ್ಕಿನಲ್ಲಿ ಮಾತ್ರ. ಮೇಲಿನ ದಿಕ್ಕು ಹೊಲಗಳ ಕಡೆಗೆ ತೆರೆದಿರುತ್ತದೆ, ಏಕೆಂದರೆ ನೀರು ಬರುವುದು ಆ ಕಡೆಯಿಂದಲೇ. ನಗರದ ಕೆರೆಗಳನ್ನು ನೋಡಿಬಂದವರು ಪೂರ್ತಿ ಸುತ್ತು ಹಾಕುವ ಪಥ ಬೇಕೆಂದು ಮೇಲಿನ ದಿಕ್ಕಿನಲ್ಲಿಯೂ ಮಣ್ಣು ಏರಿಸಿ ಕಾಂಕ್ರೀಟ್ ಹಾಕಿದಾಗ ಅದು ನೀರನ್ನು ಹೊರಗೇ ತಡೆಯುವ ಇನ್ನೊಂದು ಏರಿಯಾಗುತ್ತದೆ. ಮಳೆ ಬಂದಾಗ ಒಮ್ಮೆ ಹೋಗಿ ನೋಡಿ: ಪಥದ ಹೊರಬದಿಯ ಹೊಲದಲ್ಲಿ ನೀರು ನಿಂತಿದ್ದರೆ ಕಾರಣ ಇದೇ. ಪಥವನ್ನು ಪೂರ್ತಿ ಒಡೆಯಬೇಕಾಗಿಲ್ಲ. ಹಳೆಯ ಹರಿವುಗಳು ಕೆರೆ ಸೇರುತ್ತಿದ್ದ ಕಡೆಗಳಲ್ಲೆಲ್ಲ ಅದನ್ನು ನೆಲದ ಮಟ್ಟಕ್ಕೆ ಇಳಿಸಿ ಕಲ್ಲು ಹಾಸಿದರೆ, ವರ್ಷದಲ್ಲಿ ಕೆಲವು ದಿನ ನೀರು ಅದರ ಮೇಲೆ ಹಾಯುತ್ತದೆ, ಉಳಿದ ದಿನ ಜನ ನಡೆಯುತ್ತಾರೆ. ಆ ಬಾಯಿಗಳಲ್ಲಿ ಹೂಳು ತಂಗಲು ಚಿಕ್ಕ ಗುಂಡಿಗಳನ್ನು ತೆಗೆದು ಬೇಸಿಗೆಗೊಮ್ಮೆ ಬಳಿದರೆ ಕೆರೆಯ ಆಯುಷ್ಯ ಹೆಚ್ಚುತ್ತದೆ.

ಎರಡನೆಯ ಕಾರಣ ಕೆರೆಯಿಂದ ದೂರದಲ್ಲಿರಬಹುದು. ಹರಿವಿನ ಹಳ್ಳದ ಮೇಲೆ ರಸ್ತೆ, ನಿವೇಶನ, ಇಟ್ಟಿಗೆ ಭಟ್ಟಿ ಏನಾದರೂ ಬಂದಿದೆಯೇ ಎಂದು ಹಳೆಯ ಗ್ರಾಮ ನಕ್ಷೆ ಹಿಡಿದುಕೊಂಡು ನಡೆದೇ ನೋಡಬೇಕು. ಬಳ್ಳಾರಿ ಜಾಲಿಯೂ ಹಳ್ಳದ ಪಾತ್ರವನ್ನು ಮುಚ್ಚುತ್ತದೆ. ಅಮೆರಿಕ ಖಂಡದಿಂದ ಬಂದ ಈ ಕಂಟಿಗೆ ನಮ್ಮ ಊರಿನ ಹೆಸರು ಅಂಟಿಕೊಂಡಿರುವುದು ನಮ್ಮ ದುರದೃಷ್ಟ. ಮೇಲಷ್ಟೇ ಕಡಿದರೆ ಬುಡದಿಂದ ಮತ್ತೆ ಚಿಗುರುವುದರಿಂದ ಬೊಡ್ಡೆಯ ಸಮೇತ ಕೀಳಿಸಬೇಕು. ಆದರೆ ಅದರ ಸೌದೆಯನ್ನೇ ಒಲೆಗೆ ನಂಬಿದ ಮನೆಗಳು ಎಷ್ಟಿವೆಯೆಂದು ಮೊದಲು ವಿಚಾರಿಸಿ, ಹಂತ ಹಂತವಾಗಿ ತೆಗೆಸುವುದು ಸರಿ. ಹಳ್ಳವೊಂದನ್ನು ಜನರೇ ಸೇರಿ ಮತ್ತೆ ಹರಿಯುವಂತೆ ಮಾಡಬಹುದೆಂಬುದಕ್ಕೆ ನಿಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯಿದೆ: ಕೊಪ್ಪಳದ ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ 2019ರಲ್ಲಿ ಹಿರೇಹಳ್ಳದ ಹೂಳು, ಕಂಟಿಗಳನ್ನು ತೆಗೆದ ಕೆಲಸ.

ಇನ್ನು ಬೇಲಿ. ಊರವರು ಬೇಲಿ ಕಿತ್ತದ್ದನ್ನು ನಾನು ಕಿಡಿಗೇಡಿತನವೆಂದು ನೋಡುವುದಿಲ್ಲ. ವಿನ್ಯಾಸದಲ್ಲಿ ಬಿಟ್ಟುಹೋದ ಬಾಗಿಲನ್ನು ಅವರು ತಾವೇ ತೆರೆದುಕೊಂಡಿದ್ದಾರೆ, ಅಷ್ಟೆ. ಕಿತ್ತ ಆ ಎರಡು ಕಡೆಗಳೇ ನಿಮಗೆ ನಕ್ಷೆ. ಒಂದು ಕಡೆ ದನಗಳು ಇಳಿಯುವಂಥ ಒರಟು ಕಲ್ಲು ಹಾಸಿದ ಇಳಿಜಾರು, ಅದರಿಂದ ದೂರದಲ್ಲಿ ಬಟ್ಟೆ ಒಗೆಯುವವರಿಗೆ ಮೆಟ್ಟಿಲು ಮಾಡಿಸಿ. ನಿಮ್ಮ ಜಿಲ್ಲೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಬಳಿ ಇರುವ ಪುಷ್ಕರಿಣಿಯ ಮೆಟ್ಟಿಲುಗಳನ್ನು ಗಮನಿಸಿ: ನೀರು ಎಷ್ಟೇ ಕೆಳಗಿಳಿದರೂ ಮನುಷ್ಯ ಅದರ ಹತ್ತಿರ ಹೋಗಬಲ್ಲ. ಹೂಳೆತ್ತುವಾಗ ದಂಡೆಯನ್ನು ಗೋಡೆಯಂತೆ ನೆಟ್ಟಗೆ ಕಡಿದಿದ್ದರೆ ಅದನ್ನೂ ಸರಿಪಡಿಸಬೇಕು, ಏಕೆಂದರೆ ಅಂಥ ದಂಡೆಯಲ್ಲಿ ಜೊಂಡು ಬೆಳೆಯುವುದಿಲ್ಲ, ಹಕ್ಕಿ ಕೂರುವುದಿಲ್ಲ, ಕಾಲು ಜಾರಿ ಬಿದ್ದ ಮಗುವಿಗೆ ಮೇಲೆ ಬರಲು ಆಸರೆಯಿರುವುದಿಲ್ಲ.

ಊರ ಗಟಾರದ ನೀರು ಕೆರೆಗೆ ಬರುತ್ತಿದ್ದರೆ ಅದನ್ನು ನೇರವಾಗಿ ಬಿಡಬೇಡಿ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಸಣ್ಣ ಊರಿಗೆ ಸಣ್ಣ ಅಳತೆಯಲ್ಲಿ ಅದೇ ಕ್ರಮ ಸಾಕಾಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ತಳ್ಳುಗಾಡಿಯವರು, ಹಮಾಲರು, ಬಸ್ಸಿಗೆ ಕಾಯುವವರು ನೆರಳಿಲ್ಲದೆ ಬೇಯುತ್ತಾರೆ. ರಸ್ತೆ ವಿಭಜಕದ ಉದ್ದಕ್ಕೂ ಗಿಡ ನೆಟ್ಟು ಹಸಿರೀಕರಣ ಮಾಡಲಾಗಿದೆ. ಇದರಿಂದ ಪ್ರಯೋಜನವಾದೀತೆ?
— ರಾಯಚೂರಿನ ಓದುಗರು

ಉತ್ತರ: ಕಾರಿನಲ್ಲಿ ಕುಳಿತವರ ಕಣ್ಣಿಗೆ ಆದೀತು. ವಿಭಜಕದ ಗಿಡದ ಕೆಳಗೆ ಯಾರೂ ನಿಲ್ಲುವುದಿಲ್ಲ, ನಿಲ್ಲಲೂಬಾರದು. ನೆರಳು ಬೇಕಾಗಿರುವುದು ರಸ್ತೆಯ ಅಂಚಿನಲ್ಲಿ.

ರಾಯಚೂರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರದಲ್ಲಿ, ಅಂದರೆ ಉಷ್ಣಾಂಶ 40 ಡಿಗ್ರಿ ದಾಟಿರುವ ಹೊತ್ತಿನಲ್ಲಿ, ನಡು ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಕಟ್ಟಡದ ಗೋಡೆಗೆ ನೆರಳೇ ಇರುವುದಿಲ್ಲ. ತಲೆಯ ಮೇಲೆ ಚಾಚಿದ ಕೊಂಬೆ ಅಥವಾ ಚಪ್ಪರ ಮಾತ್ರ ಕಾಯಬಲ್ಲದು. ಎರಡು ಗಂಟೆಯ ನಂತರ ಬಿಸಿಲು ಪಡುವಣದಿಂದ ಓರೆಯಾಗಿ ಬೀಳತೊಡಗುತ್ತದೆ. ಆದ್ದರಿಂದ ಉತ್ತರ–ದಕ್ಷಿಣವಾಗಿ ಹಾದುಹೋಗುವ ರಸ್ತೆಯಲ್ಲಿ ಒಂದೇ ಸಾಲಿಗೆ ಹಣವಿದ್ದರೆ ಪಶ್ಚಿಮದ ಅಂಚಿನಲ್ಲಿ ನೆಡಬೇಕು. ನೆತ್ತಿಯ ಬಿಸಿಲಿಗೂ ಇಳಿಹೊತ್ತಿನ ಬಿಸಿಲಿಗೂ ಅದು ಅಡ್ಡವಾಗುತ್ತದೆ.

ಮರದ ಆಯ್ಕೆಯಲ್ಲಿ ಅವಸರ ಬೇಡ. ಬೇಗ ಬೆಳೆದು ಹಸಿರಾಗಿ ಕಾಣುತ್ತದೆಂದು ಅನೇಕ ಊರುಗಳಲ್ಲಿ ನೆಟ್ಟ ಕೊನೊಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ನಮ್ಮ ಬೇವು, ಹೊಂಗೆ, ಹುಣಸೆ, ಬಾಗೆ ನಿಧಾನವಾದರೂ ಒಮ್ಮೆ ಬೇರೂರಿದರೆ ಟ್ಯಾಂಕರ್ ನೀರಿಗೆ ಕೈಚಾಚುವುದಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ ಎಳೆಯ ಬೇರು ಹರಿಯುತ್ತದೆ; ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆದು ಮಸಾರಿ ಮಣ್ಣು, ಗೊಬ್ಬರ ಬೆರೆಸಿ ತುಂಬಬೇಕು. ಕಾಂಡದವರೆಗೂ ಕಾಂಕ್ರೀಟ್ ಹಾಕುವ ಅಭ್ಯಾಸವಂತೂ ಮರದ ಕುತ್ತಿಗೆ ಹಿಸುಕಿದಂತೆ. ಮರ ದೊಡ್ಡದಾಗಲು ಎಂಟು–ಹತ್ತು ವರ್ಷ ಬೇಕಾಗುವುದರಿಂದ ಅದುವರೆಗೆ ತೆಂಗಿನ ಗರಿಯದೋ ಬಟ್ಟೆಯದೋ ಚಪ್ಪರ ಹಾಕುವುದನ್ನೂ ಯೋಜನೆಯ ಭಾಗವಾಗಿಯೇ ಬರೆಯಬೇಕು.

ಮರದ ಕೆಳಗೆ ಯಾರು ಕೂರುತ್ತಾರೆ ಎಂಬ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಅರಳಿಕಟ್ಟೆಯನ್ನು ನಮ್ಮ ನಾಡಿನ ಅತ್ಯುತ್ತಮ ಸಾರ್ವಜನಿಕ ವಿನ್ಯಾಸವೆಂದು ನಾನು ಹೊಗಳುತ್ತೇನೆ; ಆದರೆ ಆ ಕಟ್ಟೆಯ ಮೇಲೆ ಕೂರುವ ಅಧಿಕಾರ ಎಲ್ಲ ಜಾತಿಯವರಿಗೂ ಇರಲಿಲ್ಲ, ಹೆಂಗಸರಿಗಂತೂ ಇರಲೇ ಇಲ್ಲ ಎಂಬುದನ್ನು ಮುಚ್ಚಿಟ್ಟು ಹೊಗಳಲಾಗದು. ಇಂದಿನ ಉದ್ಯಾನಗಳೂ ಬೇರೆ ರೀತಿಯಲ್ಲಿ ಅದನ್ನೇ ಮಾಡುತ್ತಿವೆ. ಬೆಳಿಗ್ಗೆ ವಾಯುವಿಹಾರಕ್ಕೆ ತೆರೆದು, ಹತ್ತಕ್ಕೆ ಬೀಗ ಹಾಕಿ, ಸಂಜೆ ನಾಲ್ಕಕ್ಕೆ ಮತ್ತೆ ತೆರೆಯುತ್ತಾರೆ. ಹತ್ತಿ ಮಾರುಕಟ್ಟೆಯಲ್ಲಿ ಮೂಟೆ ಹೊತ್ತ ಹಮಾಲನಿಗೆ ನೆರಳು ಬೇಕಾಗಿರುವುದು ಬೀಗ ಬಿದ್ದಿರುವ ಆ ಆರು ಗಂಟೆಗಳಲ್ಲಿಯೇ. ನಿಮ್ಮ ವಾರ್ಡಿನ ಸದಸ್ಯರ ಮುಂದೆ ಒಂದೇ ಬೇಡಿಕೆ ಇಡುವುದಾದರೆ ಈ ಬೀಗ ತೆಗೆಸುವ ಬೇಡಿಕೆ ಇಡಿ, ಅದಕ್ಕೆ ಹಣವೂ ಬೇಕಿಲ್ಲ. ಎರಡನೆಯದಕ್ಕೆ ಅವಕಾಶವಿದ್ದರೆ ಕುಡಿಯುವ ನೀರಿನ ನಲ್ಲಿ ಮತ್ತು ಹೆಂಗಸರಿಗೆ ಶೌಚಾಲಯ ಕೇಳಿ. ಇವಿಲ್ಲದ ಉದ್ಯಾನದಲ್ಲಿ ತರಕಾರಿ ಮಾರುವ ಹೆಂಗಸು ಅರ್ಧ ಗಂಟೆಯೂ ಕೂರಲಾರಳು.

ಪ್ರಶ್ನೆ: ಗಣಿಯ ತ್ಯಾಜ್ಯ ಮಣ್ಣಿನ ಗುಡ್ಡೆಗಳ ಮೇಲೆ ಪ್ರತಿ ವರ್ಷ ಸಸಿ ನೆಡುತ್ತಾರೆ, ಪ್ರತಿ ವರ್ಷ ಒಣಗುತ್ತವೆ. ಅಲ್ಲಿ ಮತ್ತೆ ಕಾಡು ಬರುವುದು ಸಾಧ್ಯವೇ?
— ಸಂಡೂರಿನ ಓದುಗರು

ಉತ್ತರ: ಸಾಧ್ಯ. ಆದರೆ ಸಸಿ ನೆಡುವುದು ಅಲ್ಲಿ ಮೊದಲ ಕೆಲಸವಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಂದಿಗೆ ಕೆಲವು ಗಣಿಗಳಿಗೆ ಅನುಮತಿ ಕೊಟ್ಟಾಗ, ಪ್ರತಿ ಗಣಿಗೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ, ಅಂದರೆ ಗಣಿಯಿಂದ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ, ಇರಬೇಕೆಂಬುದು ಮುಖ್ಯ ಷರತ್ತಾಗಿತ್ತು. ಆ ಯೋಜನೆಗಳಲ್ಲಿ ತಡೆಗೋಡೆ, ಸುತ್ತುಗಾಲುವೆ, ಚೆಕ್ ಡ್ಯಾಂಗಳಿಗೆ ಮಹತ್ವ ಕೊಟ್ಟದ್ದು ಸುಮ್ಮನೆ ಅಲ್ಲ. ಸಡಿಲ ಮಣ್ಣಿನ ಗುಡ್ಡೆ ಮಳೆಗೆ ಜಾರುತ್ತಿರುವವರೆಗೆ ಯಾವ ಬೇರೂ ನಿಲ್ಲದು.

ಮೊದಲು ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು, ತೆಂಗಿನ ನಾರಿನ ಚಾಪೆ ಹಾಸಿ, ಹುಲ್ಲು ಮತ್ತು ದ್ವಿದಳ ಜಾತಿಯ ಕಂಟಿಗಳನ್ನು ಬಿತ್ತಬೇಕು. ಮಣ್ಣು ಹಿಡಿತಕ್ಕೆ ಬಂದ ಎರಡು–ಮೂರು ವರ್ಷಗಳ ನಂತರ ಕಮರ, ದಿಂಡಿಗದಂಥ ಒಣಕಾಡಿನ ಮರಗಳ ಸರದಿ. ಗಣಿ ತೆರೆಯುವಾಗ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟಿದ್ದರೆ ಕೆಲಸ ಅರ್ಧ ಹಗುರವಾಗುತ್ತದೆ. ಅದನ್ನು ತ್ಯಾಜ್ಯದೊಂದಿಗೆ ಬೆರೆಸಿಬಿಟ್ಟಿದ್ದರೆ ಮಣ್ಣನ್ನು ಹೊಸದಾಗಿ ತಯಾರಿಸಬೇಕಾಗುತ್ತದೆ.

ಜರ್ಮನಿಯ ಡುಯಿಸ್‌ಬರ್ಗ್ ನಗರದಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನು ಭೂದೃಶ್ಯ ವಾಸ್ತುಶಿಲ್ಪಿ ಪೀಟರ್ ಲಾಟ್ಸ್ ಅವರ ವಿನ್ಯಾಸದಲ್ಲಿ ಸಾರ್ವಜನಿಕ ಉದ್ಯಾನವಾಗಿ ಮಾಡಿದಾಗ ಕುಲುಮೆಗಳನ್ನು ಕೆಡವದೆ ಉಳಿಸಿಕೊಂಡರು. ಸಂಡೂರಿಗೆ ಅದು ಹಾಗೆಯೇ ಹೊಂದುವುದಿಲ್ಲ, ಏಕೆಂದರೆ ಇಲ್ಲಿ ಗುಡ್ಡದ ಕೆಳಗೆ ಹೊಲ, ಹಳ್ಳಿ, ನಾರಿಹಳ್ಳದ ನೀರು ಇವೆ. ಗುಡ್ಡದ ಮೇಲಿನ ಹಸಿರಿಗಿಂತ ಅಲ್ಲಿಂದ ಇಳಿಯುವ ಕೆಂಪು ನೀರು ತಿಳಿಯಾಗುತ್ತಿದೆಯೇ ಎಂಬುದು ನನಗೆ ಹೆಚ್ಚಿನ ಅಳತೆಗೋಲು. ಅದನ್ನು ನೀವೇ ಅಳೆಯಬಹುದು. ದೊಡ್ಡ ಮಳೆ ಬಂದ ದಿನ, ಸುರಕ್ಷಿತವಾದ ಕಡೆ ನಿಂತು, ಗುಡ್ಡೆಗಿಂತ ಮೇಲೊಂದು ಕಡೆ, ಕೆಳಗೊಂದು ಕಡೆ ಹಳ್ಳದ ನೀರನ್ನು ಒಂದೇ ಅಳತೆಯ ಬಾಟಲಿಗಳಲ್ಲಿ ಹಿಡಿಯಿರಿ. ಒಂದು ದಿನ ಅಲುಗಾಡಿಸದೆ ಇಟ್ಟು, ತಳದಲ್ಲಿ ಕೂತ ಮಣ್ಣಿನ ದಪ್ಪವನ್ನು ಅಳತೆಪಟ್ಟಿಯಿಂದ ನೋಡಿ, ದಿನಾಂಕದೊಂದಿಗೆ ಬರೆದಿಡಿ. ಮೂರು ಮಳೆಗಾಲದ ಇಂಥ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಮುಂದಿಟ್ಟು, ನೆಟ್ಟ ಸಸಿಗಳ ಸಂಖ್ಯೆಯ ಪಕ್ಕದಲ್ಲಿ ಓದಿಸಿ.