ಕೆಜಿಎಫ್‌ಗೆ ಸಂಸಾರ ಸಮೇತ ಬರಬಹುದೇ ಎಂದು ಕೇಳಿದವರಿಗೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬ್ಯಾಂಕಿನ ಕೆಲಸ, ಕೆಜಿಎಫ್‌ಗೆ, ಅಂದರೆ ಕೋಲಾರ ಚಿನ್ನದ ಗಣಿಯ ಊರಿಗೆ ವರ್ಗಾವಣೆ, ಜೊತೆಗೆ ಹೆಂಡತಿ ಮತ್ತು ಎಂಟು ವರ್ಷದ ಮಗಳು. "ಅದು ರೌಡಿಗಳ ಊರು, ಕತ್ತಲಾದ ಮೇಲೆ ಹೆಂಗಸರು ಹೊರಗೆ ಕಾಲಿಡುವಂತಿಲ್ಲ" ಎಂದು ಜೊತೆಯವರು ಹೆದರಿಸಿದ್ದಾರೆ, ಇದು ನಿಜವೇ ಎಂದು ಕೇಳಿದ್ದೀರಿ. ನಾನು ಚಾಂಪಿಯನ್ ರೀಫ್‌ನ ಒಂದು ಲೈನಿನಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಹುಟ್ಟಿದವಳು. ಅಪ್ಪ ಇಪ್ಪತ್ತಾರು ವರ್ಷ ಗಣಿಯೊಳಗೆ ದುಡಿದವರು. ಗಣಿ ಮುಚ್ಚಿದ ಮೇಲೆ ಹದಿನಾರು ವರ್ಷ ನಾನು ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದು ಮನೆ ನಡೆಸಿದೆ. ರಾತ್ರಿ ಒಂಬತ್ತೂವರೆಗೆ ಊರಿಗಾಂ ನಿಲ್ದಾಣದಲ್ಲಿಳಿದು ಮನೆಗೆ ನಡೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಈಗ ರಾಬರ್ಟ್‌ಸನ್‌ಪೇಟೆಯಲ್ಲಿದ್ದೇನೆ.

ಬನ್ನಿ, ಸಂಸಾರ ಸಮೇತ ಬನ್ನಿ. ಆದರೆ ಮನೆಯನ್ನು ಮಾತ್ರ ಅವಸರದಲ್ಲಿ ಹಿಡಿಯಬೇಡಿ. ನಿಮಗೆ ಯಾವುದನ್ನು ಹೇಳಿ ಹೆದರಿಸಿದ್ದಾರೋ ಅದಕ್ಕೆ ಹೆದರಬೇಕಾಗಿಲ್ಲ. ಎಚ್ಚರವಾಗಿರಬೇಕಾದ ವಿಷಯಗಳೇ ಬೇರೆ.

ಮೊದಲು ಆ ಕೆಟ್ಟ ಹೆಸರಿನ ಮಾತು. ಅದು ಸಿನಿಮಾ ಬಂದ ಮೇಲೆ ಅಂಟಿಕೊಂಡದ್ದಲ್ಲ, ಅದಕ್ಕೆ ಗಣಿಯಷ್ಟೇ ವಯಸ್ಸಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನ ತೆಗೆಯಲು ತೊಡಗಿದಾಗ ಆಳಕ್ಕಿಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಸೀಮೆಯಿಂದ ಬಂದ ಬಡವರು, ಅದರಲ್ಲೂ ದಲಿತರು. ಅವರ ಕೈ ಮುಟ್ಟುತ್ತಿದ್ದುದು ಚಿನ್ನದ ಅದಿರನ್ನು. ಆದ್ದರಿಂದ ಮೇಲೆ ಬಂದ ಕೂಡಲೇ ಪ್ರತಿಯೊಬ್ಬನೂ ಕಳ್ಳನಿರಬಹುದೆಂಬ ಗುಮಾನಿ. ಮೈ ತಡವಿ ನೋಡುವುದು, ಲೈನುಗಳಿಗೆ ನುಗ್ಗಿ ಹುಡುಕುವುದು ದಿನದ ಮಾತಾಗಿತ್ತು. ಚಿನ್ನದ ಕಳವನ್ನು ತಡೆಯಲೆಂದೇ ಮೈಸೂರು ಸಂಸ್ಥಾನದ ಗಣಿ ಕಾಯಿದೆ ಪೊಲೀಸರಿಗೆ ಬೇರೆ ಊರುಗಳಲ್ಲಿಲ್ಲದ ಅಧಿಕಾರ ಕೊಟ್ಟಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಸಾವಿರಾರು ಜನ ವಾರಗಟ್ಟಲೆ ಗಣಿಗೆ ಇಳಿಯದೆ ಕುಳಿತರು. ಅಪರಾಧಿಗಳಂತೆ ಬೆರಳೊತ್ತಲಾರೆವು ಎಂಬುದು ಅವರ ಹಟ. ಅಂಥ ಜನರ ಮೊಮ್ಮಕ್ಕಳು ನಾವು. "ಓಹೋ, ಕೆಜಿಎಫ್ ಕಡೆಯವರೋ?" ಎಂದು ಬೆಂಗಳೂರಿನ ಕಚೇರಿಯಲ್ಲಿ ಯಾರಾದರೂ ಹುಬ್ಬೇರಿಸಿದಾಗ ನನಗೆ ಇಂದಿಗೂ ನೋವಾಗುತ್ತದೆ.

ಇಷ್ಟು ಚಿಕ್ಕ ಊರಿಗೆ ಪ್ರತ್ಯೇಕ ಎಸ್‌ಪಿ ಇದ್ದಾರೆಂದರೆ ಅಪರಾಧ ಬಹಳ ಇರಬೇಕು ಎನ್ನುವವರೂ ಇದ್ದಾರೆ. ಕೋಲಾರ ಕಂದಾಯ ಜಿಲ್ಲೆ ಒಂದೇ, ಪೊಲೀಸ್ ಜಿಲ್ಲೆಗಳು ಎರಡು: ಕೋಲಾರ ಮತ್ತು ಕೆಜಿಎಫ್. ಇದು ಚಿನ್ನದ ಕಾವಲಿನ ಕಾಲದಿಂದ ಉಳಿದು ಬಂದ ಏರ್ಪಾಡು. ಬಂಗಾರಪೇಟೆ, ಬೇತಮಂಗಲ, ಕಾಮಸಮುದ್ರದ ಠಾಣೆಗಳೂ ಇದರೊಳಗೇ ಬರುತ್ತವೆ. ನಿಮ್ಮಂಥವರಿಗೆ ಇದರಿಂದ ಅನುಕೂಲವೇ ಹೆಚ್ಚು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಯನ್ನು ಕಾಣಲು ಕೋಲಾರಕ್ಕೆ ಬಸ್ಸು ಹಿಡಿಯಬೇಕಾಗಿಲ್ಲ, ಆ ಕಚೇರಿ ಊರಿನಲ್ಲೇ ಇದೆ.

ಅಂಕಿಸಂಖ್ಯೆ ಕೇಳಿದ್ದೀರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಜಿಲ್ಲಾವಾರು ಪಟ್ಟಿಗಳಲ್ಲಿ ಕೆಜಿಎಫ್ ಅನ್ನು ಕೋಲಾರದಿಂದ ಬೇರೆಯಾಗಿ ಕೊಡುತ್ತದೆ. ಆ ಸಾಲನ್ನೇ ನೋಡಿ. ನೋಡುವಾಗ ಎರಡು ಮಾತು ನೆನಪಿರಲಿ. ಚಿಕ್ಕ ಊರಿನಲ್ಲಿ ಒಂದು ವರ್ಷ ನಾಲ್ಕು ಕೊಲೆಗಳಾಗಿ ಮರುವರ್ಷ ಎಂಟಾದರೆ ಅಪರಾಧ ಇಮ್ಮಡಿಯಾಯಿತು ಎಂದು ಬರೆಯಬಹುದು, ಆದರೆ ಆ ಎಂಟರಲ್ಲಿ ಎಷ್ಟು ಮನೆಯೊಳಗಿನ ಜಗಳ, ಎಷ್ಟು ಜಮೀನಿನ ತಕರಾರು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಇನ್ನೊಂದು, ಪ್ರಕರಣಗಳು ಹೆಚ್ಚು ದಾಖಲಾದವೆಂದರೆ ಅಪರಾಧ ಹೆಚ್ಚಿತೆಂದೇ ಅರ್ಥವಲ್ಲ. ದೂರು ತೆಗೆದುಕೊಳ್ಳುವ ಇನ್‌ಸ್ಪೆಕ್ಟರ್ ಬಂದರೆ ಅಂಕಿ ಏರುತ್ತದೆ, "ರಾಜಿ ಮಾಡಿಕೊಳ್ಳಿ ಅಮ್ಮ" ಎಂದು ಕಳಿಸುವವರು ಬಂದರೆ ಇಳಿಯುತ್ತದೆ. ನಾನು ಎರಡೂ ಬಗೆಯವರನ್ನು ಕಂಡಿದ್ದೇನೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಗಣಿ ನಡೆಯುತ್ತಿದ್ದಾಗ ಈ ಊರು ಮಲಗುತ್ತಲೇ ಇರಲಿಲ್ಲ. ಮೂರು ಪಾಳಿ. ನಡುರಾತ್ರಿಯಲ್ಲೂ ಸೈರನ್ ಕೂಗುತ್ತಿತ್ತು, ಒಂದು ಗುಂಪು ಇಳಿಯಲು ಹೊರಟರೆ ಇನ್ನೊಂದು ಗುಂಪು ಮನೆಗೆ ಬರುತ್ತಿತ್ತು. ಯಾವ ಹೊತ್ತಿನಲ್ಲಿ ಬಾಗಿಲು ತೆರೆದರೂ ಲೈನಿನಲ್ಲಿ ಯಾರೋ ಒಬ್ಬರು ಎಚ್ಚರವಾಗಿರುತ್ತಿದ್ದರು. ನೆಲದಡಿಯಲ್ಲಿ ಬಂಡೆ ಸಿಡಿದು ಮನೆ ಅದುರಿದರೆ ಎರಡು ನಿಮಿಷದಲ್ಲಿ ಇಡೀ ಲೈನು ಬೀದಿಯಲ್ಲಿರುತ್ತಿತ್ತು. ನಮ್ಮ ಎದುರು ಮನೆಯ ತಮಿಳು ಅಜ್ಜಿಯನ್ನು ಎಲ್ಲರೂ ಪಾಟಿ ಎನ್ನುತ್ತಿದ್ದೆವು. ಹೊಸ ಮುಖ ಕಂಡರೆ ಸಾಕು, ಯಾರ ಮನೆಗೆ, ಏನು ಕೆಲಸ ಎಂದು ಕೇಳದೆ ಆಕೆ ಬಿಡುತ್ತಿರಲಿಲ್ಲ. ಬೀಗ ನಮ್ಮ ಮನೆಯಲ್ಲಿ ಇತ್ತೋ ಇಲ್ಲವೋ ನೆನಪಿಲ್ಲ. ಕದಿಯುವಂಥದ್ದು ಏನೂ ಇರಲಿಲ್ಲ ಎಂಬುದೂ ನಿಜ, ಆದರೆ ಅದೊಂದೇ ಕಾರಣವಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ದುಡಿಯುವ ವಯಸ್ಸಿನವರೆಲ್ಲ ರೈಲು ಹತ್ತಿದರು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಪ್ರತಿ ನಿಲ್ದಾಣದಲ್ಲೂ ನಸುಕಿನಲ್ಲಿ ಜನರ ಹೊಳೆ. ಸುಮಾರು ನೂರು ಕಿಲೋಮೀಟರ್ ದೂರ ಹೋಗಿ, ದುಡಿದು, ರಾತ್ರಿ ವಾಪಸು. ನಾನೂ ಹಾಗೆಯೇ ಹೋದವಳು. ಹಗಲು ಹೊತ್ತಿನಲ್ಲಿ ಊರಿನಲ್ಲಿ ಉಳಿಯುವವರು ಮುದುಕರು, ಮಕ್ಕಳು, ಕೆಲಸವಿಲ್ಲದವರು. ಗಂಡ ಹೆಂಡತಿ ಇಬ್ಬರೂ ರೈಲು ಹತ್ತುವ ಮನೆಯಾದರೆ ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ ಬೀಗ. ಕನ್ನ ಹಾಕುವವನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ? ಗಡಿಯೂ ಹತ್ತಿರ. ಒಂದು ಕಡೆ ಆಂಧ್ರ, ಸ್ವಲ್ಪ ದೂರದಲ್ಲಿ ತಮಿಳುನಾಡು. ಬೈಕಿನಲ್ಲಿ ಬಂದವನು ಮಧ್ಯಾಹ್ನ ಕದ್ದು ಸಂಜೆಯೊಳಗೆ ಇನ್ನೊಂದು ರಾಜ್ಯದಲ್ಲಿರುತ್ತಾನೆ.

ನಮ್ಮ ಮನೆಗೂ ನುಗ್ಗಿದರು. ನಾನು ಕೆಲಸದಲ್ಲಿದ್ದೆ. ಅಮ್ಮ ಪಡಿತರ ತರಲು ಹೋಗಿದ್ದವರು ಒಂದೂವರೆ ಗಂಟೆಯಲ್ಲಿ ಹಿಂತಿರುಗುವಷ್ಟರಲ್ಲಿ ಹಿಂಬಾಗಿಲ ಚಿಲಕ ಮುರಿದಿತ್ತು. ಅಪ್ಪನ ಸ್ವಯಂ ನಿವೃತ್ತಿಯ ಹಣದಲ್ಲಿ ಮಾಡಿಸಿದ್ದ ಎರಡೆಳೆ ಸರ ಹೋಗಿತ್ತು. ಭೂಮಿಯಿಂದ ಅಷ್ಟು ಚಿನ್ನ ತೆಗೆದ ಮನುಷ್ಯನ ಮನೆಯಲ್ಲಿದ್ದ ಚಿನ್ನ ಅದೊಂದೇ. ಅಮ್ಮ ಠಾಣೆಗೆ ಹೋದರೆ ಮೂರು ಗಂಟೆ ಕೂರಿಸಿ, ನಾಳೆ ಬನ್ನಿ ಎಂದು ಕಳಿಸಿದರು. ಮರುದಿನ ಕೆಲಸಕ್ಕೆ ರಜೆ ಹಾಕಿ ನಾನೇ ದೂರು ಬರೆದುಕೊಂಡು ಹೋದೆ. ಆಗ ಎಫ್‌ಐಆರ್ ಆಯಿತು. ಸರ ಸಿಗಲಿಲ್ಲ.

ಆದ್ದರಿಂದ ನಿಮಗೆ ಹೇಳುತ್ತೇನೆ. ದೂರನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆದುಕೊಡಿ. 2024ರ ಜುಲೈ 1ರಿಂದ ಬಂದಿರುವ ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ, ಠಾಣೆಯ ಸರಹದ್ದು ಯಾವುದೇ ಇರಲಿ ದೂರು ಕೊಡಬಹುದು. ಇಮೇಲ್‌ನಂಥ ದಾರಿಯಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಲೇಬೇಕು. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಬರಹದಲ್ಲಿ ಕಳಿಸಿ. ನನ್ನ ಅಮ್ಮನಿಗೆ ಆ ದಿನ ಇದನ್ನು ಹೇಳುವವರಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋಗುವಾಗ ರಾಜ್ಯ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ಬೀಗ ಹಾಕಿದ ಮನೆಯೆಂದು ನೋಂದಾಯಿಸುವ ಸೌಲಭ್ಯವೂ ಇದೆ. ಆದರೆ ಬೀಟಿನ ಪೊಲೀಸ್ ಬರುವುದು ದಿನಕ್ಕೆ ಒಂದೋ ಎರಡೋ ಸಲ, ಪಕ್ಕದ ಮನೆಯವರು ಇಡೀ ದಿನ ಅಲ್ಲೇ ಇರುತ್ತಾರೆ ಎಂಬುದನ್ನು ಮರೆಯಬೇಡಿ.

ಹೆಂಗಸರ ವಿಷಯ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ರಾತ್ರಿ ಎಂಟು, ಎಂಟೂವರೆಯವರೆಗೂ ಹೆಂಗಸರು ಮಕ್ಕಳನ್ನು ಕರೆದುಕೊಂಡು ಓಡಾಡುತ್ತಾರೆ. ನಿಮ್ಮ ಮನೆಯವರು ಧೈರ್ಯವಾಗಿ ಹೋಗಿಬರಬಹುದು. ರಾತ್ರಿ ರೈಲಿನಿಂದ ಇಳಿದಾಗ ನಾವು ಐದಾರು ಹೆಂಗಸರು ಒಟ್ಟಿಗೆ ಹೊರಡುತ್ತಿದ್ದೆವು, ಒಬ್ಬೊಬ್ಬರ ಮನೆ ಬಂದಂತೆ ಗುಂಪು ಕರಗಿ ಕೊನೆಯ ತುಂಡು ದಾರಿಯನ್ನು ನಾನೊಬ್ಬಳೇ ನಡೆಯುತ್ತಿದ್ದೆ. ಆ ಹದಿನಾರು ವರ್ಷದಲ್ಲಿ ಒಂದೇ ಒಂದು ಸಲ ಬೈಕಿನವನೊಬ್ಬ ಕುತ್ತಿಗೆಗೆ ಕೈ ಹಾಕಿದ್ದ. ಅದು ರಾತ್ರಿಯಲ್ಲ, ಭಾನುವಾರ ಬೆಳಗಿನ ಏಳು ಗಂಟೆ, ಹಾಲು ತರಲು ಹೋಗಿದ್ದಾಗ. ಸರಗಳ್ಳರು ಕತ್ತಲಿಗೆ ಕಾಯುವುದಿಲ್ಲ. ಅವರು ಕಾಯುವುದು ಬೀದಿ ಖಾಲಿಯಾಗಿರುವ ಹೊತ್ತಿಗೆ.

ಆದರೆ ಇದೇ ಊರಿನಲ್ಲಿ ಬೇರೆ ಹೆಂಗಸರ ಪಾಡೂ ಇದೆ. ಅದನ್ನು ಬಿಟ್ಟು ಸುರಕ್ಷಿತ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಹಳೆಯ ಲೈನು ಮನೆಗಳು ಒಂದು ಕೋಣೆಯವು. ಬಹಳಷ್ಟು ಮನೆಗಳಿಗೆ ಸ್ವಂತ ಶೌಚಾಲಯವಿರಲಿಲ್ಲ, ಸಾಮೂಹಿಕ ಶೌಚಾಲಯಗಳು ಗಣಿಯೊಂದಿಗೇ ಹಾಳುಬಿದ್ದವು. ನಾನು ಹುಡುಗಿಯಾಗಿದ್ದಾಗ ರಾತ್ರಿ ಹೊರಗೆ ಹೋಗಬೇಕೆಂದರೆ ಅಮ್ಮನನ್ನು ಎಬ್ಬಿಸಬೇಕಿತ್ತು. ಇಂದಿಗೂ ಅಂಥ ಲೈನುಗಳಿವೆ, ಬೀದಿದೀಪವಿಲ್ಲದ ದಾರಿಗಳಿವೆ. ಅಲ್ಲಿ ನಡೆಯುವ ಕೀಟಲೆ, ಹೆದರಿಕೆ ಯಾವ ಠಾಣೆಯ ಪುಸ್ತಕಕ್ಕೂ ಬರುವುದಿಲ್ಲ. ನಿಮಗೆ ಇದು ತಟ್ಟಲಾರದು, ನೀವು ಹಿಡಿಯುವ ಬಾಡಿಗೆ ಮನೆಯೊಳಗೆ ಎಲ್ಲವೂ ಇರುತ್ತದೆ. ಆದರೂ ಹೇಳಬೇಕೆನಿಸಿತು. ಊರು ಯಾರಿಗೆ ಸುರಕ್ಷಿತ ಎಂಬ ಪ್ರಶ್ನೆಗೆ ಅವರೂ ಸೇರಬೇಕಲ್ಲವೇ?

ಮಗಳ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುವ ಮಾತು ರೌಡಿಗಳ ಬಗ್ಗೆಯಲ್ಲ, ನೆಲದ ಬಗ್ಗೆ. ನೀವು ಚಿತ್ರಗಳಲ್ಲಿ ನೋಡಿರುವ ಆ ಬೂದು ಬಣ್ಣದ ಗುಡ್ಡಗಳು ಗುಡ್ಡಗಳಲ್ಲ. ಅದಿರನ್ನು ಪುಡಿಮಾಡಿ, ಸೈನೈಡ್‌ನಿಂದ ಚಿನ್ನವನ್ನು ಬಿಡಿಸಿಕೊಂಡ ಮೇಲೆ ಸುರಿದ ಮಣ್ಣಿನ ರಾಶಿಗಳು. ಎಲ್ಲರೂ ಸೈನೈಡ್ ದಿಬ್ಬ ಎನ್ನುತ್ತಾರೆ. ಫೋಟೊ ತೆಗೆಸಿಕೊಳ್ಳಲು ಜನ ಮಕ್ಕಳನ್ನು ಮೇಲಕ್ಕೆ ಹತ್ತಿಸುತ್ತಾರೆ. ಮಳೆ ಹರಿದು ಕೊರೆದ ಕೊರಕಲುಗಳು ಕುಸಿಯುತ್ತವೆ, ಗಾಳಿಗಾಲದಲ್ಲಿ ದೂಳೆದ್ದು ಮನೆಮನೆಗೆ ನುಗ್ಗುತ್ತದೆ. ಮಗಳಿಗೆ ಉಬ್ಬಸವಿದ್ದರೆ ದಿಬ್ಬಗಳ ಆಸುಪಾಸಿನಲ್ಲಿ ಮನೆ ಬೇಡವೇ ಬೇಡ. ಇದರ ಜೊತೆಗೆ ಹಳೆಯ ಗಣಿಬಾಯಿಗಳಿವೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಈಗ ಕೆಳಗೆಲ್ಲ ನೀರು ತುಂಬಿದೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಕದಿಯಲೆಂದು ಮಾರಿಕುಪ್ಪಂ ಕಡೆಯ ಮುಚ್ಚಿದ ಗಣಿಯೊಳಗೆ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಪತ್ರಿಕೆಗಳು ಅವರನ್ನು ಕಳ್ಳರೆಂದೇ ಬರೆದವು. ಕಳ್ಳರೇ ಇರಬಹುದು. ಆ ಗಾಳಿಯಿಲ್ಲದ ಕತ್ತಲೆಗೆ ಇಳಿಯಲು ಒಬ್ಬ ಮನುಷ್ಯನಿಗೆ ಎಂಥ ಹಸಿವು ಬೇಕು ಎಂದು ಗಣಿಗಾರನ ಮಗಳಾದ ನನಗೆ ಅನ್ನಿಸದೆ ಇರಲಿಲ್ಲ.

ಹುಡುಗರ ಜಗಳ, ಕುಡಿತ, ಗಾಂಜಾ ಇವೆ. ಇಲ್ಲವೆನ್ನುವುದಿಲ್ಲ. ಕೆಲಸವಿಲ್ಲದ ಊರುಗಳಲ್ಲೆಲ್ಲ ಇರುವಂತೆ ಇಲ್ಲಿಯೂ ಇವೆ. ತಮ್ಮ ಪಾಡಿಗೆ ತಾವು ಬದುಕುವ ಸಂಸಾರಗಳ ತಂಟೆಗೆ ಅವರು ಬಂದದ್ದನ್ನು ನಾನು ಕಂಡಿಲ್ಲ. ಬ್ಯಾಂಕಿನವರಾದ ನಿಮಗೆ ಇನ್ನೊಂದು ಬೇಡಿಕೆ ಇದೆ. ಈಗ ಇಲ್ಲಿನ ಮುದುಕರನ್ನು ದೋಚುವವರು ಹೆಚ್ಚಾಗಿ ಫೋನಿನಲ್ಲೇ ಬರುತ್ತಾರೆ. ಪಿಂಚಣಿ ನಿಲ್ಲುತ್ತದೆ ಎಂದು ಹೆದರಿಸಿ ಒಟಿಪಿ ಕೇಳುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ, ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಅದನ್ನು ತಡೆಯುವುದು ಕಷ್ಟ ಎಂದು ನಿಮ್ಮ ಕೌಂಟರಿಗೆ ಬರುವ ಅಜ್ಜ ಅಜ್ಜಿಯರಿಗೆ ತಮಿಳಿನಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಹೇಳಿಕೊಡಿ. ಬಾರದಿದ್ದರೆ ಕಲಿಯಿರಿ, ಇಲ್ಲಿ ಆರು ತಿಂಗಳಲ್ಲಿ ತಾನಾಗಿಯೇ ಬರುತ್ತದೆ.

ಮನೆಯ ವಿಷಯಕ್ಕೆ ಬಂದರೆ, ನನ್ನನ್ನು ಕೇಳಿದರೆ ರಾಬರ್ಟ್‌ಸನ್‌ಪೇಟೆಯ ಒಳರಸ್ತೆಗಳಲ್ಲಿ ನೋಡಿ. ಅಡ್ಡರಸ್ತೆಗಳನ್ನು ನೇರವಾಗಿ ಎಳೆದು ಕಟ್ಟಿದ ಪೇಟೆ, ಮನೆಗೆ ಮನೆ ತಾಗಿರುತ್ತದೆ, ಅಂಗಡಿಗಳು ಹತ್ತಿರ. ಬೆಮೆಲ್ ನಗರದ ಕಡೆಯೂ ನೆಮ್ಮದಿಯಾಗಿದೆ. ಕಾಂಪೌಂಡು ಎತ್ತರವಾಗಿ ಕಟ್ಟಿದ ಒಂಟಿ ಮನೆ ಬಾಡಿಗೆಗೆ ಅಗ್ಗವಾಗಿ ಸಿಕ್ಕಿದರೂ ಬೇಡ. ಆ ಕಾಂಪೌಂಡು ಕಳ್ಳನನ್ನೂ ಮರೆಮಾಡುತ್ತದೆ. ಮನೆ ನೋಡಲು ಭಾನುವಾರ ಬರಬೇಡಿ, ಅವತ್ತು ಇಡೀ ಊರು ಮನೆಯಲ್ಲಿರುತ್ತದೆ. ವಾರದ ನಡುವೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಬನ್ನಿ. ಆ ಬೀದಿಯಲ್ಲಿ ಎಷ್ಟು ಬಾಗಿಲು ತೆರೆದಿವೆ ಎಂದು ಎಣಿಸಿ. ಜಗುಲಿಯ ಮೇಲೆ ಕುಳಿತ ಅಜ್ಜಿಯೊಬ್ಬರು ಯಾರು ನೀವು, ಯಾರ ಮನೆಗೆ ಬಂದಿರಿ, ಹೆಂಡತಿ ಮಕ್ಕಳು ಎಲ್ಲಿ ಎಂದು ಬೆನ್ನು ಬಿಡದೆ ಕೇಳಿದರೆ ಬೇಸರ ಪಟ್ಟುಕೊಳ್ಳದೆ ಎಲ್ಲಕ್ಕೂ ಉತ್ತರ ಕೊಡಿ, ಆ ಬೀದಿಯಲ್ಲೇ ಮುಂಗಡ ಕೊಟ್ಟುಬಿಡಿ.