ಎರಡು ಗ್ರೇವಿಗಳ ಮನೆ

ಹೆಸರು, ಊರು, ಗುರುತು ಹಿಡಿಯಬಹುದಾದ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ನಾನು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಪ್ತಸಲಹೆ ಕೊಡುವವಳು. ಇಲ್ಲಿಗೆ ಬರುವ ಗಂಡ ಹೆಂಡಿರ ಜಗಳ ಸಾಮಾನ್ಯವಾಗಿ ದುಡ್ಡಿನದು, ಇಲ್ಲಾ ಮಕ್ಕಳದು. ಹೆಲೆನ್ ಮತ್ತು ವೇಡ್ ಬಂದಿದ್ದು ಒಂದು ತಟ್ಟೆ ಬೀನ್ಸ್ ಹಿಡಿದುಕೊಂಡು.

ಹೆಲೆನ್ ಇಂಗ್ಲೆಂಡಿನ ಯಾರ್ಕ್‌ಷೈರ್‌ನವಳು. ವೇಡ್ ಅಮೆರಿಕದ ಟೆನೆಸೀ ಗುಡ್ಡಗಾಡಿನವನು. ಮದುವೆಯಾಗಿ 11 ವರ್ಷ, 9 ವರ್ಷದ ಮಗಳಿದ್ದಾಳೆ. ಅಡುಗೆ ಬಹುತೇಕ ವೇಡ್‌ನದೇ, ಚೆನ್ನಾಗಿಯೇ ಮಾಡುತ್ತಾನೆ. ಅಕ್ಟೋಬರ್‌ನಲ್ಲಿ ಹೆಲೆನ್‌ಳ ತಾಯಿ ತೀರಿಕೊಂಡರು. ಮಣ್ಣು ಮಾಡಿ ವಾಪಸ್ ಬಂದ ಮೂರನೇ ದಿನ ಅವಳು ಗಂಡನನ್ನು ಕೇಳಿದಳು, "ಟೋಸ್ಟ್ ಮೇಲೆ ಒಂಚೂರು ಬೀನ್ಸ್ ಹಾಕಿಕೊಡ್ತೀಯಾ?"

ವೇಡ್ ತನಗೆ ಗೊತ್ತಿದ್ದ ಬೀನ್ಸ್ ಮಾಡಿದ. ಅಮೆರಿಕದ ಬೇಕ್ಡ್ ಬೀನ್ಸ್ ಅಂದರೆ ಕಂದು ಸಕ್ಕರೆ, ಹಂದಿಮಾಂಸ, ಸಾಸಿವೆ ಬಿದ್ದು ಅವನ್‌ನಲ್ಲಿ ನಿಧಾನವಾಗಿ ಬೇಯುವ ಪದಾರ್ಥ. ದಪ್ಪ ಬ್ರೆಡ್ ಮೇಲೆ ಸುರಿದು ಕೊಟ್ಟ. ಹೆಲೆನ್ ಒಂದು ಚಮಚ ತಿಂದು ತಟ್ಟೆ ಪಕ್ಕಕ್ಕೆ ತಳ್ಳಿದಳು. "ಇದು ಊಟ ಅಲ್ಲ, ಸಿಹಿತಿಂಡಿ."

"ಒಂದು ಗಂಟೆ ಒಲೆ ಮುಂದೆ ನಿಂತಿದ್ದೀನಿ" ಅಂದ ವೇಡ್.

ಅಲ್ಲಿಂದ 11 ವರ್ಷದ ಲೆಕ್ಕವೆಲ್ಲ ಹೊರಗೆ ಬಂತು. ಅವನು ಟೀ ನೀರನ್ನು ಮೈಕ್ರೋವೇವ್‌ನಲ್ಲಿ ಕಾಯಿಸುತ್ತಾನೆ. (ಅದಕ್ಕೆ ಕಾರಣವಿದೆ. ಇಲ್ಲಿ ಮನೆಯ ಕರೆಂಟು 120 ವೋಲ್ಟ್, ಕೆಟಲ್ ಕಾಯುವುದೇ ನಿಧಾನ. ಬ್ರಿಟನ್ನಿನಲ್ಲಿ 230.) ಅವಳು ಅವನ ಅಜ್ಜಿ ಮಾಡುವ ಹಾಲು, ಮೈದಾದ ಬಿಳಿ ಗ್ರೇವಿಯನ್ನು ಎಲ್ಲರ ಎದುರಿಗೆ "ಗೋಡೆಗೆ ಪೇಪರ್ ಅಂಟಿಸುವ ಗೋಂದು" ಅಂದಿದ್ದಳು. ಅದು ಎಂಟು ವರ್ಷದ ಹಿಂದಿನ ಮಾತು. ಆಮೇಲೆ ಅವನು ಮನೆಯಲ್ಲಿ ಅದನ್ನು ಮಾಡಿದ್ದೇ ಇಲ್ಲ. ಹೆಲೆನ್ ಅದನ್ನು ಗಮನಿಸಿರಲೂ ಇಲ್ಲ.

ಮೊದಲು ನಾನೊಂದು ತಪ್ಪು ಮಾಡಿದೆ. ಇಬ್ಬರೂ ಸೇರಿ, ಎರಡೂ ಕಡೆಯದು ಬೆರೆಸಿ ಒಂದು ಅಡುಗೆ ಮಾಡಿ ಅಂತ ಹೇಳಿ ಕಳಿಸಿದೆ. ಕಿವಿಗೆ ಚೆನ್ನಾಗಿತ್ತು, ಅಲ್ವಾ? ಅವರು ಟೋಡ್ ಇನ್ ದ ಹೋಲ್ ಮಾಡಿದರು. ಮೈದಾ, ಮೊಟ್ಟೆ, ಹಾಲು ಕಲಸಿದ ನೀರು ಹಿಟ್ಟನ್ನು ಸಾಸೇಜ್ ಸುತ್ತ ಸುರಿದು ಅವನ್‌ನಲ್ಲಿ ಉಬ್ಬಿಸುವ ಇಂಗ್ಲಿಷ್ ತಿಂಡಿ ಅದು. ಅದರ ಮೇಲೆ ಕಂದು ಈರುಳ್ಳಿ ಗ್ರೇವಿಯ ಬದಲು ಟೆನೆಸೀಯ ಬಿಳಿ ಗ್ರೇವಿ. ಮಗಳು ಚಪ್ಪರಿಸಿ ತಿಂದಳಂತೆ. ಇವರಿಬ್ಬರೂ ಮುಂದಿನ ವಾರ ಬಂದು ಮುಖ ಸಪ್ಪಗೆ ಮಾಡಿ ಕೂತರು. ಹೆಲೆನ್ ಹೇಳಿದಳು, "ನನಗೆ ಅಮ್ಮ ಇನ್ನೂ ದೂರ ಹೋದ ಹಾಗಾಯ್ತು."

ಆವತ್ತು ಕೇಳಿದೆ: ಚಿಕ್ಕವಳಿದ್ದಾಗ ಮೈ ಸರಿಯಿಲ್ಲದಿದ್ದರೆ ಏನು ಕೊಡುತ್ತಿದ್ದರು? ಯಾರು? ಯಾವ ತಟ್ಟೆಯಲ್ಲಿ?

ಅವಳು ಬಹಳ ಹೊತ್ತು ಮಾತಾಡಿದಳು. ಅಮ್ಮನಿಗೆ ನೈಟ್ ಶಿಫ್ಟ್. ಬೆಳಿಗ್ಗೆ ಬಂದು ಕೋಟು ಕೂಡ ಬಿಚ್ಚದೆ ಡಬ್ಬಿ ತೆರೆದು, ಚಿಕ್ಕ ಪಾತ್ರೆಯಲ್ಲಿ ಬೀನ್ಸ್ ಬಿಸಿ ಮಾಡುತ್ತಿದ್ದರು. ತೆಳು ಬಿಳಿ ಬ್ರೆಡ್ ಸುಟ್ಟು, ಬೆಣ್ಣೆ ಸವರಿ, ಮೇಲೆ ಸುರಿಯುವುದು. ಟೊಮ್ಯಾಟೊ ರಸ ಬ್ರೆಡ್‌ಗೆ ಇಳಿದು ನಡುಭಾಗ ಮೆತ್ತಗಾಗಬೇಕು, ಅಂಚು ಕರುಂ ಅನ್ನಬೇಕು. ಅಂಚು ಒಡೆದ ನೀಲಿ ತಟ್ಟೆ. ಐದು ನಿಮಿಷದ ಕೆಲಸ. "ನಮ್ಮಮ್ಮನಿಗೆ ಅಡುಗೆ ಬರ್ತಾ ಇರಲಿಲ್ಲ" ಅಂದಳು, ಅಳುತ್ತಾ, ನಗುತ್ತಾ.

ವೇಡ್ ತನ್ನ ಕೈ ನೋಡಿಕೊಂಡು ಕೂತಿದ್ದ. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಾನು ಜಾಸ್ತಿ ಅಡುಗೆ ಮಾಡಿಬಿಟ್ಟೆ" ಅಂದ.

ನನಗೆ ಜ್ವರ ಬಂದಾಗ ಬೇಕಾಗುವುದು ತಿಳಿಸಾರು, ಮೆತ್ತಗಿನ ಅನ್ನ. ಅದಕ್ಕೆ ಯಾರಾದರೂ ಪ್ರೀತಿಯಿಂದ ಬೆಣ್ಣೆಯಲ್ಲಿ ಹುರಿದ ಅಣಬೆ ಹಾಕಿಕೊಟ್ಟರೆ ನಾನೂ ತಟ್ಟೆ ತಳ್ಳುತ್ತೇನೆ.

ಅದೇ ಪ್ರಶ್ನೆ ವೇಡ್‌ಗೂ ಕೇಳಿದೆ. ಅವನದು ಬಿಸ್ಕಿಟ್ ಮತ್ತು ಗ್ರೇವಿ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಬಿಸ್ಕಿಟ್ ಅಂದರೆ ಟೀಗೆ ಅದ್ದುವುದು. ಅಮೆರಿಕದ ದಕ್ಷಿಣದಲ್ಲಿ ಅದು ಮಜ್ಜಿಗೆ ಹಾಕಿ ಕಲಸಿ ಬೇಯಿಸಿದ, ಪದರ ಬಿಡುವ ಮೆತ್ತನೆಯ ಪುಟ್ಟ ಬನ್. ಸಾಸೇಜ್ ಹುರಿದ ಕಬ್ಬಿಣದ ಬಾಣಲೆಯಲ್ಲಿ ಉಳಿದ ಕೊಬ್ಬಿಗೆ ಮೈದಾ ಹಾಕಿ ಕೆದಕಿ, ಹಾಲು ಹೊಯ್ದು, ಕರಿಮೆಣಸು ಧಾರಾಳವಾಗಿ ಉದುರಿಸಿದರೆ ಬಿಳಿ ಗ್ರೇವಿ. ತಾತ ಹೋದ ಮರುದಿನ ಬೆಳಿಗ್ಗೆ ಅಜ್ಜಿ ಒಂದು ಮಾತೂ ಆಡದೆ ಅದನ್ನೇ ಮಾಡಿ ಬಡಿಸಿದ್ದರಂತೆ. ಹೆಲೆನ್‌ಗೆ ಇದು ಗೊತ್ತೇ ಇರಲಿಲ್ಲ. ಗೋಂದಿನ ಮಾತಿಗೆ ಆವತ್ತು ಕ್ಷಮೆ ಕೇಳಿದಳು. ನಾನು ಹೇಳಿಕೊಟ್ಟಿದ್ದಲ್ಲ.

ಕೊಟ್ಟ ಸಲಹೆ ಸರಳ. ಒಂದು ಹಾಳೆಯಲ್ಲಿ ಇಬ್ಬರೂ ತಮ್ಮ ತಮ್ಮ "ಕೆಟ್ಟ ದಿನದ ಊಟ" ಬರೆಯಬೇಕು. ಬರೀ ಹೆಸರು ಸಾಲದು. ಯಾವ ಡಬ್ಬಿ, ಎಷ್ಟು ಬಿಸಿ, ಯಾವ ತಟ್ಟೆ, ಪಕ್ಕದಲ್ಲಿ ಯಾರಾದರೂ ಕೂರಬೇಕಾ ಬೇಡವಾ, ಎಲ್ಲ. ಇನ್ನೊಬ್ಬರು ಅದನ್ನು ಅಕ್ಷರ ತಪ್ಪದೆ ಮಾಡಬೇಕು. ಕೆಟ್ಟ ದಿನ ಸುಧಾರಣೆ ನಿಷೇಧ. ಬೆರೆಸುವ ಆಸೆಗೆ ಶನಿವಾರ, ಭಾನುವಾರ ಇವೆಯಲ್ಲ. ಶೆಫರ್ಡ್ಸ್ ಪೈಗೆ (ಕೈಮಾ ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಅವನ್‌ನಲ್ಲಿ ಬೇಯಿಸುವ ಇಂಗ್ಲಿಷ್ ಅಡುಗೆ) ಕುರಿಯ ಕೈಮಾ ಬದಲು ದನದ್ದು ಹಾಕಿ, ಮೇಲೆ ಚೀಸ್ ಸುರಿದು, ಏನು ಬೇಕಾದರೂ ಮಾಡಿಕೊಳ್ಳಲಿ.

ಹೆಲೆನ್‌ಗೆ ಬೇರೆಯಾಗಿ ಇನ್ನೊಂದು ಮಾತು ಹೇಳಿದೆ. ಬೀನ್ಸ್ ದುಃಖಕ್ಕೆ ಔಷಧಿ ಅಲ್ಲ. ಎರಡು ವಾರವಾದರೂ ಊಟ ಸೇರದೆ, ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಇದ್ದರೆ ಡಾಕ್ಟರ್ ಹತ್ತಿರ ಹೋಗಬೇಕು. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬಾರದು. ಅವಳಿಗೆ ನಿದ್ದೆ ಸರಿಯಿರಲಿಲ್ಲ, ಹೋಗಿ ತೋರಿಸಿಕೊಂಡಳು.

ವೇಡ್ ಇಂಗ್ಲಿಷ್ ಬೀನ್ಸ್ ಡಬ್ಬಿ ಹುಡುಕಿದ್ದು ಅಂಗಡಿಯ "ಇಂಟರ್‌ನ್ಯಾಶನಲ್" ಸಾಲಿನಲ್ಲಿ, ನಮ್ಮ ಹಪ್ಪಳ, ಉಪ್ಪಿನಕಾಯಿ ಪಕ್ಕ. ಆ ಡಬ್ಬಿಯ ಹೈಂಜ್ ಕಂಪನಿ ಹುಟ್ಟಿದ್ದು ಅಮೆರಿಕದ ಪಿಟ್ಸ್‌ಬರ್ಗ್‌ ಪಕ್ಕದಲ್ಲೇ. ಬ್ರಿಟನ್ನಿನಲ್ಲಿ ಅದು ಮೊದಲು ಮಾಲು ಕೊಟ್ಟಿದ್ದು 1886ರಲ್ಲಿ, ಲಂಡನ್ನಿನ ಫೋರ್ಟ್‌ನಮ್ ಅಂಡ್ ಮೇಸನ್ ಅಂಗಡಿಗೆ. ಬೀನ್ಸ್ ಕಾಳು ಈಗಲೂ ಉತ್ತರ ಅಮೆರಿಕದಿಂದ ಹಡಗು ಹತ್ತಿ ಹೋಗಿ, ಇಂಗ್ಲೆಂಡಿನಲ್ಲಿ ಡಬ್ಬಿ ಸೇರುತ್ತದೆ. ಇದನ್ನು ಹೇಳಿದಾಗ ವೇಡ್, "ಅಂದ್ರೆ ಇದು ನಮ್ಮದೇ!" ಅಂದ. "ಸುಮ್ನಿರು" ಅಂದಳು ಹೆಲೆನ್.

ಫೆಬ್ರುವರಿಯಲ್ಲಿ ಅವನಿಗೆ ಫ್ಲೂ ಬಂತು. ಹೆಲೆನ್ ಹಾಳೆ ನೋಡಿಕೊಂಡು ಬಿಳಿ ಗ್ರೇವಿ ಮಾಡಿದಳು. ಗಂಟು ಗಂಟಾಗಿತ್ತಂತೆ. ಪೂರ್ತಿ ತಿಂದ.

ಕೊನೆಯ ಸಲ ಬಂದಾಗ ಫ್ರಿಜ್ ಮೇಲಿನ ಆ ಹಾಳೆಯ ಫೋಟೊ ತೋರಿಸಿದರು. ಕೆಳಗೆ ಮಗಳು ಪೆನ್ಸಿಲ್‌ನಲ್ಲಿ ತನ್ನದನ್ನೂ ಸೇರಿಸಿದ್ದಳು: "ಪ್ಯಾಕೆಟ್ ಮ್ಯಾಕ್ ಅಂಡ್ ಚೀಸ್. ಕಿತ್ತಳೆ ಪುಡಿದು. ಪ್ಯಾಕೆಟ್ ಮೇಲೆ ಬರೆದ ಹಾಗೇ ಮಾಡಿ. ಇಬ್ಬರೂ ಏನೂ ಹಾಕಬೇಡಿ."